ಎಲ್ಲವೂ ತಿಳಿದ ಮೇಲೆಯೇ ಬರೆಯಬೇಕೇ? ಮೊದಲ ಪುಟದಲ್ಲೇ ನಿಂತವರ ಒಂದು ಪ್ರಶ್ನೆ

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಬೀದರ್

ನಾನು ಬೀದರ್‌ನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಊರಿನ ಹಳೆಯ ನೀರಿನ ವ್ಯವಸ್ಥೆಯ ಕುರಿತು, ಅದರಲ್ಲೂ ನೌಬಾದಿನ ಕರೇಜಿನ ಕುರಿತು, ಎಂಟು ಒಂಬತ್ತನೆಯ ತರಗತಿಯ ಮಕ್ಕಳು ತಾವೇ ಓದಿಕೊಳ್ಳಬಹುದಾದ ಒಂದು ಸಣ್ಣ ಪುಸ್ತಿಕೆಯನ್ನು ಬರೆಯಬೇಕೆಂಬುದು ನನ್ನ ಬಹುದಿನಗಳ ಆಸೆ. ಬಹಮನಿಯರ ಕಾಲದಲ್ಲಿ ನೆಲದಡಿ ಕೊರೆದ ಈ ಸುರಂಗದಲ್ಲಿ ನೀರು ಯಾವ ಯಂತ್ರದ ನೆರವೂ ಇಲ್ಲದೆ ಇಳಿಜಾರಿನ ಬಲದಿಂದಲೇ ಹರಿದು ಬರುತ್ತಿತ್ತು. ಗಾಳಿ ಬೆಳಕಿಗಾಗಿಯೂ ಹೂಳು ತೆಗೆಯುವುದಕ್ಕಾಗಿಯೂ ಅಲ್ಲಲ್ಲಿ ಮೇಲಿನಿಂದ ತೋಡಿದ ಬಾವಿಗಳ ಪಕ್ಕದಲ್ಲೇ ನಮ್ಮ ಮಕ್ಕಳು ಓಡಾಡುತ್ತಾರೆ. ಅದೇನೆಂದು ಕೇಳಿದರೆ ಹಾಳು ಬಾವಿ ಎನ್ನುತ್ತಾರೆ.

ಟಿಪ್ಪಣಿಗಳೆಲ್ಲ ಸಿದ್ಧವಾಗಿವೆ, ಆದರೆ ಪುಸ್ತಿಕೆಯ ಮೊದಲ ಪುಟವೇ ಮುಂದೆ ಸಾಗುತ್ತಿಲ್ಲ. ಒಂದನೆಯ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದದ್ದು ಒಂದು ಗ್ರಂಥದ ಪ್ರಕಾರ 1424ರಲ್ಲಿ, ಇನ್ನೊಂದರ ಪ್ರಕಾರ 1429ರಲ್ಲಿ, ಮತ್ತೊಂದರ ಪ್ರಕಾರ 1432ರಲ್ಲಿ. ನನಗೆ ಪಾರಸಿ ಬಾರದಿರುವುದರಿಂದ ಮೂಲವನ್ನು ನೋಡಿ ನಿರ್ಣಯಿಸಲಾರೆ. ಭೂವಿಜ್ಞಾನವನ್ನು ಕ್ರಮವಾಗಿ ಓದಿದವಳೂ ಅಲ್ಲ. ಒಂದು ವಾಕ್ಯ ಬರೆದ ಕೂಡಲೇ ಅದನ್ನು ಯಾರೋ ವಿದ್ವಾಂಸರು ಓದಿ ಮುಖ ಸಿಂಡರಿಸಿದಂತೆ ಭಾಸವಾಗಿ ಅಳಿಸಿಬಿಡುತ್ತೇನೆ. ಪೂರ್ಣವಾಗಿ ತಿಳಿದ ಮೇಲೆಯೇ ಬರೆಯುತ್ತೇನೆಂಬುದು ಶಿಕ್ಷಕಿಯ ಜವಾಬ್ದಾರಿಯೋ, ಬರೆಯದೇ ಇರುವುದಕ್ಕೆ ನಾನೇ ಹುಡುಕಿಕೊಂಡ ನೆಪವೋ ತಿಳಿಯದಾಗಿದೆ. ಇಂತಹ ಕೆಲಸವನ್ನು ಆರಂಭಿಸಿದವರು ದಯವಿಟ್ಟು ದಾರಿ ಹೇಳಿ.

ಉತ್ತರ: ಇತಿಹಾಸ ಸಂಶೋಧಕ, ಕಲಬುರಗಿ

ನಿಮ್ಮ ಪ್ರಶ್ನೆಯಲ್ಲಿ ನಿಖರತೆ ಮತ್ತು ಪರಿಪೂರ್ಣತೆ ಎಂಬ ಎರಡು ಸಂಗತಿಗಳು ಬೆರೆತುಹೋಗಿವೆ. ಮೊದಲು ಅವನ್ನು ಬಿಡಿಸಿಕೊಳ್ಳಬೇಕು. ತಿಳಿದದ್ದನ್ನು ತಿಳಿದಷ್ಟೇ ಒತ್ತು ಕೊಟ್ಟು ಹೇಳಿದರೆ ಆ ವಾಕ್ಯ ನಿಖರವಾಗಿದೆ ಎಂದೇ ಅರ್ಥ. ರಾಜಧಾನಿಯ ವಿಷಯವನ್ನೇ ತೆಗೆದುಕೊಳ್ಳಿ. “ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲೋ ಅದರ ಆಸುಪಾಸಿನಲ್ಲೋ ರಾಜಧಾನಿ ಬೀದರಿಗೆ ಬಂದಿತು, ಖಚಿತ ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ” ಎಂದು ಬರೆದರೆ ಯಾವ ವಿದ್ವಾಂಸರೂ ಆಕ್ಷೇಪಿಸಲಾರರು. ಪರೀಕ್ಷೆಗೆಂದು ಇಸವಿಗಳನ್ನು ಉರು ಹೊಡೆಯುವ ನಮ್ಮ ಮಕ್ಕಳಿಗೆ, ಇಸವಿಗಳ ಬಗ್ಗೆಯೂ ವಾದ ನಡೆಯುತ್ತದೆ ಎಂದು ತಿಳಿಯುವುದೇ ಇತಿಹಾಸದ ಒಳ್ಳೆಯ ಪಾಠವೆಂದು ನಾನು ನಂಬುತ್ತೇನೆ.

ಇನ್ನು ಪರಿಪೂರ್ಣತೆಯ ಮಾತು. ನಮ್ಮ ನಾಡಿನ ಶಾಸನಗಳ ಸಂಗ್ರಹಕ್ಕೆ ಅಡಿಪಾಯ ಹಾಕಿದ ಬಿ. ಎಲ್. ರೈಸ್ ಕೊಡಗಿನ ಶಾಸನಗಳ ಸಂಪುಟವನ್ನು 1886ರಲ್ಲಿ ಪ್ರಕಟಿಸಿದರು. ಅದೇ ಸಂಪುಟವನ್ನು ಪರಿಷ್ಕರಿಸಿ 1914ರಲ್ಲಿ ಮತ್ತೆ ಹೊರತಂದವರೂ ಅವರೇ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. ಅದರ ಪರಿಷ್ಕೃತ ವಿಸ್ತೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ಟರು ಸಿದ್ಧಪಡಿಸಿದ್ದು ಮುಕ್ಕಾಲು ಶತಮಾನದ ಅನಂತರ. ಇನ್ನೂ ಸಿಗದ ಶಾಸನಗಳು ಸಿಗಲಿ ಎಂದು ರೈಸ್ ಕಾದಿದ್ದರೆ, ಇನ್ನೂ ಸೇರದ ಪದಗಳು ಸೇರಲಿ ಎಂದು ಕಿಟೆಲ್ ಕಾದಿದ್ದರೆ, ಅನಂತರದವರು ತಿದ್ದಲು ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆ ಇಬ್ಬರ ವಿದ್ವತ್ತಿನ ಬಗ್ಗೆ ಯಾರಿಗೂ ಅನುಮಾನವಿಲ್ಲ, ಆದರೂ ಅವರ ಗ್ರಂಥಗಳಿಗೆ ಪರಿಷ್ಕರಣೆ ಬೇಕಾಯಿತು. ಹೀಗಿರುವಾಗ ನಿಮ್ಮ ಪುಸ್ತಿಕೆಯೊಂದೇ ಮೊದಲ ಆವೃತ್ತಿಯಲ್ಲಿಯೇ ಪೂರ್ಣವಾಗಬೇಕೆಂದು ಏಕೆ ಹಟ ಹಿಡಿಯುತ್ತೀರಿ?

ಉತ್ತರ: ನಿವೃತ್ತ ಉಪನ್ಯಾಸಕ, ಯಾದಗಿರಿ

ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ನಮ್ಮ ಭಾಗದಲ್ಲಿ ಸ್ಮರಣ ಸಂಚಿಕೆಗಳಿಗೂ ಪರಿಚಯ ಪುಸ್ತಿಕೆಗಳಿಗೂ ಕೊರತೆಯಿಲ್ಲ; ಒಂದರಲ್ಲಿ ತಪ್ಪಾಗಿ ಅಚ್ಚಾದ ಸಂಗತಿ ಇನ್ನೊಂದಕ್ಕೆ ನಕಲಾಗಿ, ಅಲ್ಲಿಂದ ವಾಟ್ಸ್‌ಆಪ್‌ಗೆ ಏರಿ, ಕೊನೆಗೆ ಮಕ್ಕಳ ಉತ್ತರ ಪತ್ರಿಕೆಯವರೆಗೂ ಬಂದು ತಲುಪುತ್ತದೆ. ಆದ್ದರಿಂದ ಆರಂಭಿಸಿ ಎನ್ನುವ ಉತ್ಸಾಹದಲ್ಲಿ, ಮಕ್ಕಳಿಗೆ ತಾನೇ ಎಂಬ ಔದಾಸೀನ್ಯ ನುಸುಳಬಾರದು. ಭಾಷೆ ಒರಟಾಗಿದ್ದರೆ ನಡೆಯುತ್ತದೆ, ಚಿತ್ರಗಳು ಸಾಧಾರಣವಾಗಿದ್ದರೂ ನಡೆಯುತ್ತದೆ, ಅಧ್ಯಾಯವೊಂದು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಸುರಂಗದ ಉದ್ದ, ಬಾವಿಗಳ ಸಂಖ್ಯೆ, ಕಟ್ಟಿಸಿದವರ ಹೆಸರು ಇವುಗಳಲ್ಲಿ ಯಾವುದನ್ನೂ ಮೂಲವನ್ನು ನಮೂದಿಸದೆ ಬರೆಯಬೇಡಿ.

ಉತ್ತರ: ಬಿದರಿ ಕೆಲಸದ ಮನೆಯವರು, ಬೀದರ್

ನಾನು ವಿದ್ವಾಂಸನಲ್ಲ, ನಮ್ಮ ಮನೆಯಲ್ಲಿ ನಡೆಯುವ ಕೆಲಸದಿಂದ ಒಂದು ಮಾತನ್ನು ಹೇಳಬಯಸುತ್ತೇನೆ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಎರಕ ಹೊಯ್ದ ಹೂದಾನಿಯನ್ನು ಉಜ್ಜಿ ನಯಗೊಳಿಸಿದಾಗ ಅದು ಬಿಳುಪಾಗಿಯೇ ಇರುತ್ತದೆ. ಅದರ ಮೇಲೆ ಗೆರೆ ಎಳೆದರೆ ಕಾಣುವುದಿಲ್ಲವೆಂದು ಮೈಲುತುತ್ತದ ನೀರನ್ನು ಸವರಿ ಮೊದಲು ಕಪ್ಪು ಮಾಡಿಕೊಳ್ಳುತ್ತೇವೆ. ಇದು ಉಳಿಯುವ ಕಪ್ಪಲ್ಲ. ಚೂಪಾದ ಮೊನೆಯಿಂದ ಬಳ್ಳಿ ಹೂವುಗಳನ್ನು ಅಳತೆಪಟ್ಟಿಯಿಲ್ಲದೆ ಬರೆದು, ಉಳಿಯಿಂದ ಕೊರೆದು, ಆ ಸಂದಿನಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ ತಟ್ಟಿ, ಮತ್ತೆ ಉಜ್ಜುವ ಹೊತ್ತಿಗೆ ಆ ಕಪ್ಪೆಲ್ಲ ಹೋಗಿರುತ್ತದೆ. ಆಗ ಬೆಳ್ಳಿಯೂ ಲೋಹವೂ ಒಂದೇ ಬಣ್ಣವಾಗಿ, ನೋಡಿದವರಿಗೆ ಮಾಡಿದ ಕೆಲಸವೆಲ್ಲ ವ್ಯರ್ಥವಾಯಿತೇನೋ ಎನಿಸುತ್ತದೆ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದಾಗ ಮಾತ್ರ ಸತುವಿನ ಮೈ ಕಡುಕಪ್ಪಾಗಿ, ಬೆಳ್ಳಿ ಬೆಳ್ಳಿಯಾಗಿಯೇ ನಿಲ್ಲುತ್ತದೆ.

ನಿಮ್ಮ ಮೊದಲ ಕರಡು ಆ ಮೈಲುತುತ್ತದ ಕಪ್ಪಿನಂತೆ ಎಂದು ತಿಳಿಯಿರಿ. ಎಲ್ಲಿ ಕೊರೆಯಬೇಕೆಂದು ಅದು ನಿಮಗೆ ತೋರಿಸಿದರೆ ಸಾಕು. ಹಾಗೆಂದು ಯಾದಗಿರಿಯ ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ: ಕೊರೆಯುವ ಹಂತದಲ್ಲಿ ನಮ್ಮಲ್ಲಿಯೂ ಯಾರೂ ಅವಸರ ಮಾಡುವುದಿಲ್ಲ, ಏಕೆಂದರೆ ಉಳಿ ಜಾರಿದ ಗುರುತು ಪಾತ್ರೆಯ ಮೇಲೆ ಉಳಿದುಬಿಡುತ್ತದೆ. ಯಾವ ಹಂತಕ್ಕೆ ಎಷ್ಟು ಕಟ್ಟುನಿಟ್ಟು ಬೇಕೆಂಬುದನ್ನು ಕೆಲಸವೇ ಕಲಿಸುತ್ತದೆ, ಹೊರಗೆ ಕುಳಿತು ಕಲಿಯಲಾಗದು.

ಉತ್ತರ: ಆಪ್ತ ಸಮಾಲೋಚಕಿ, ಕಲಬುರಗಿ

ಪರಿಪೂರ್ಣತೆಯ ಗೀಳನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಅದರ ಮೂರು ಬಗೆಗಳನ್ನು ಗುರುತಿಸಿದರು: ತನ್ನಿಂದಲೇ ಪೂರ್ಣತೆಯನ್ನು ಬಯಸುವುದು, ಇತರರಿಂದ ಬಯಸುವುದು, ಮತ್ತು ಇತರರು ತನ್ನಿಂದ ಅದನ್ನು ಬಯಸುತ್ತಿದ್ದಾರೆಂದು ನಂಬುವುದು. ಮುಖ ಸಿಂಡರಿಸುವ ವಿದ್ವಾಂಸರ ಬಗ್ಗೆ ನೀವು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಈ ಮೂರನೆಯ ಬಗೆ. ಆ ವಿದ್ವಾಂಸರು ನಿಮ್ಮ ಓದುಗರೇ ಅಲ್ಲ. ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳುವ ಒಬ್ಬ ವಿದ್ಯಾರ್ಥಿನಿಯನ್ನು ಮನಸ್ಸಿನಲ್ಲಿ ಇರಿಸಿಕೊಂಡು ಅವಳಿಗಾಗಿ ಬರೆಯಿರಿ. ಒಂದು ಪುಟದಲ್ಲಿ ಏನೇನು ಬಂದರೆ ಅದು ಮುಗಿದಂತೆ ಎಂಬುದನ್ನು ಬರೆಯುವ ಮೊದಲೇ ನಿರ್ಧರಿಸಿ, ಅನಂತರ ಆ ಅಳತೆಯನ್ನು ಹಿಗ್ಗಿಸಬೇಡಿ. ಬರೆಯುವಾಗ ಅಳಿಸುವ ಅಭ್ಯಾಸವನ್ನಂತೂ ಪೂರ್ತಿ ಬಿಡಿ. ತಿದ್ದುವುದಕ್ಕೆ ಬೇರೆಯದೇ ದಿನವಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಉತ್ತರಗಳನ್ನು ಓದುತ್ತಿದ್ದಂತೆ ಒಂದು ವಿಷಯ ಹೊಳೆಯಿತು. ಪುಸ್ತಿಕೆಯನ್ನು ನಾನು ರಾಜವಂಶದಿಂದಲೇ ಆರಂಭಿಸಬೇಕೆಂದು ಭಾವಿಸಿದ್ದೆ, ಹಾಗಾಗಿ ಇಸವಿಯ ವಾದ ಮೊದಲ ಸಾಲಿನಲ್ಲೇ ಎದುರಾಗುತ್ತಿತ್ತು. ನೀರಿನಿಂದ ಆರಂಭಿಸಿದರೆ ಆ ತೊಡಕೇ ಇಲ್ಲ. ಬೀದರ್ ಪ್ರಸ್ಥಭೂಮಿಯ ಮೇಲ್ಪದರ ಜಂಬಿಟ್ಟಿಗೆ ಕಲ್ಲು. ಮಳೆಯ ನೀರು ಅದರ ರಂಧ್ರಗಳ ಮೂಲಕ ಇಳಿದು, ಕೆಳಗಿನ ಗಟ್ಟಿ ಕಪ್ಪುಶಿಲೆ ತಡೆದಲ್ಲಿ ಸಂಗ್ರಹವಾಗುತ್ತದೆ. ಆ ನೀರನ್ನು ಹುಡುಕಿ ಸುರಂಗ ತೋಡಿದವರು ತಕ್ಕಷ್ಟೇ ಇಳಿಜಾರು ಕೊಟ್ಟು ಅದನ್ನು ಜನವಸತಿಯವರೆಗೆ ತಂದರು. ಇಷ್ಟನ್ನು ಇವತ್ತು ಸಂಜೆ ಅಳಿಸದೆ ಬರೆದೆ, ಒಂದು ಪುಟವಾಯಿತು. ಶನಿವಾರ ಒಂಬತ್ತನೆಯ ತರಗತಿಯಲ್ಲಿ ಓದಿಸಿ, ಅರ್ಥವಾಗದ ಸಾಲುಗಳಿಗೆ ಮಕ್ಕಳಿಂದಲೇ ಗೆರೆ ಹಾಕಿಸುತ್ತೇನೆ. ಅಂಕಿಗಳು ಬರುವ ಪುಟವನ್ನು ಯಾದಗಿರಿಯ ಹಿರಿಯರು ನೋಡಿಕೊಡಲು ಒಪ್ಪುವುದಾದರೆ ಅದನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ ಕಳುಹಿಸುತ್ತೇನೆ.

ನಿವೃತ್ತ ಉಪನ್ಯಾಸಕ, ಯಾದಗಿರಿ

ಸಂತೋಷದಿಂದ ನೋಡಿಕೊಡುತ್ತೇನೆ, ಕಳುಹಿಸಿ. ಪ್ರತಿ ಅಂಕಿಯ ಪಕ್ಕದಲ್ಲೇ ಅದನ್ನು ಎಲ್ಲಿಂದ ತೆಗೆದುಕೊಂಡಿರಿ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡಿ. ಎರಡು ಮೂಲಗಳು ಎರಡು ರೀತಿ ಹೇಳಿದ್ದರೆ ಎರಡೂ ಇರಲಿ, ಯಾವುದನ್ನು ಉಳಿಸಬೇಕೆಂದು ಕುಳಿತು ನೋಡೋಣ.