ಕೋನಿಯ ಕಡೆಯವರನ್ನು ಕ್ಷಮಿಸಿ ಎನ್ನಲು ಬಿಷಪ್‌ಗಳು ಯಾರು?

ಮಲೆನಾಡಿಗ:
ಉತ್ತರ ಉಗಾಂಡದ ಬಗ್ಗೆ ಓದುತ್ತಿದ್ದೇನೆ. ಜೋಸೆಫ್ ಕೋನಿಯ ಬಂಡುಕೋರ ಪಡೆ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಅಲ್ಲಿ ಸುಮಾರು 20 ವರ್ಷ ಅಚೋಲಿ ಜನರನ್ನು ಕೊಂದಿತು, ಅವರ ಮಕ್ಕಳನ್ನು ಎತ್ತಿಕೊಂಡು ಹೋಗಿ ಕೈಗೆ ಬಂದೂಕು ಕೊಟ್ಟಿತು. ಇಷ್ಟಾದರೂ ಅಲ್ಲಿನ ಕ್ಯಾಥೊಲಿಕ್, ಆಂಗ್ಲಿಕನ್, ಮುಸ್ಲಿಂ ಮುಖಂಡರು ಒಟ್ಟಾಗಿ, ಶರಣಾದವರಿಗೆ ಶಿಕ್ಷೆ ಬೇಡ ಎಂದು ಸರ್ಕಾರದ ಬೆನ್ನು ಹತ್ತಿದರು. 2000ದಲ್ಲಿ ಕ್ಷಮಾದಾನದ ಕಾನೂನೂ ಬಂತು. 2005ರಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ಕೋರ್ಟ್ ಕೋನಿ ಮತ್ತು ಅವನ ಕಮಾಂಡರ್‌ಗಳ ಮೇಲೆ ವಾರಂಟ್ ಹೊರಡಿಸಿದಾಗಲೂ ಇವರು ಒಪ್ಪಲಿಲ್ಲ. ಮಕ್ಕಳನ್ನು ಕಳೆದುಕೊಂಡವರ ಪರವಾಗಿ ಕ್ಷಮಿಸಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ಊರಾಚೆ:
ದೂರ ಕೂತು ಉಪದೇಶ ಮಾಡಿದವರಲ್ಲ ಅವರು. ಆ ಮುಖಂಡರಲ್ಲೊಬ್ಬರಾದ ಆಂಗ್ಲಿಕನ್ ಬಿಷಪ್ ಒಚೋಲಾ ಅವರ ಹೆಂಡತಿ 1997ರಲ್ಲಿ ನೆಲಬಾಂಬ್ ಸಿಡಿದು ಸತ್ತರು. ಅಪಹರಣಕ್ಕೆ ಹೆದರಿ ಪ್ರತಿ ಸಂಜೆ ಗುಲು ಪಟ್ಟಣಕ್ಕೆ ನಡೆದು ಬರುತ್ತಿದ್ದ ಮಕ್ಕಳ ಜೊತೆ 2003ರಲ್ಲಿ ಕ್ಯಾಥೊಲಿಕ್ ಆರ್ಚ್‌ಬಿಷಪ್ ಒಡಾಮಾ ತಾವೂ ಬೀದಿಯಲ್ಲಿ ಮಲಗಿದರು. ಅದೂ ಅಲ್ಲದೆ ಕಾಡಿನಲ್ಲಿ ಕೋನಿಯ ಜೊತೆ ಇದ್ದವರು ಯಾರು ಹೇಳಿ? ಜಾಸ್ತಿ ಜನ ಅವೇ ಹಳ್ಳಿಗಳಿಂದ ಕದ್ದೊಯ್ದ ಮಕ್ಕಳು. ಜೈಲು ಕಾದಿದೆ ಅಂದರೆ ಯಾವ ಹುಡುಗ ಓಡಿ ಬರುತ್ತಾನೆ?

ಸಂಶಯ_ರಾಯ:
ಹುಡುಗರ ವಿಷಯ ಸರಿ, ಕೋನಿಗೂ ಅದೇ ರಿಯಾಯಿತಿಯಾ? ಒಚೋಲಾ ತಮ್ಮ ಹೆಂಡತಿಯ ಸಾವನ್ನು ಕ್ಷಮಿಸಲಿ, ಪಕ್ಕದ ಮನೆಯವರ ಮಗನದ್ದನ್ನು ಆ ಮನೆಯವರೇ ನಿರ್ಧರಿಸಬೇಕು, ಅಲ್ವಾ? ಈ ಮುಖಂಡರು ಮಾತೋ ಓಪುಟ್ ಅನ್ನೋ ಅಚೋಲಿ ರಾಜಿ ಪದ್ಧತಿಯನ್ನೂ ಮುಂದಿಟ್ಟರು. ಕೊಂದವನು ತಪ್ಪು ಒಪ್ಪಿಕೊಳ್ಳಬೇಕು, ಅವನ ಕುಲದವರು ಪರಿಹಾರ ಕೊಡಬೇಕು, ಕೊನೆಗೆ ಎರಡೂ ಕಡೆಯವರು ಕಹಿಬೇರಿನ ಪಾನೀಯ ಕುಡಿಯಬೇಕು. ಚೆನ್ನಾಗಿದೆ. ಆದರೆ ಯಾರನ್ನು ಯಾರು ಕೊಂದರು ಅಂತಲೇ ತಿಳಿಯದ ಯುದ್ಧದಲ್ಲಿ ಯಾರ ಜೊತೆ ಕೂತು ಕುಡಿಯುವುದು? ಡೊಮಿನಿಕ್ ಓಂಗ್ವೆನ್ ಕೂಡ ಚಿಕ್ಕಂದಿನಲ್ಲಿ ಅಪಹರಣವಾದವನೇ, ಬೆಳೆದು ಕಮಾಂಡರ್ ಆದ. 2021ರಲ್ಲಿ ಹೇಗ್‌ನಲ್ಲಿರುವ ಅದೇ ಅಂತಾರಾಷ್ಟ್ರೀಯ ಕೋರ್ಟ್ 25 ವರ್ಷ ಜೈಲು ಕೊಟ್ಟಿತು. ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಹಳೇ_ಪೇಪರ್:
ಎಲ್ಲರೂ ಕ್ಷಮೆಯ ಸುತ್ತಲೇ ತಿರುಗುತ್ತಿದ್ದೀರಿ. ಅಂತರ್ಯುದ್ಧ ಕಂಡ ಮಧ್ಯ ಅಮೆರಿಕದ ಗ್ವಾಟೆಮಾಲಾ ನೋಡಿ. ಅಲ್ಲಿ ಚರ್ಚ್ ಮಾಡಿದ್ದು ಸಾಕ್ಷ್ಯ ಕೂಡಿಸುವ ಕೆಲಸ. ಸರ್ಕಾರದವರ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ಮಾಯಾ ಮೂಲನಿವಾಸಿ ಹಳ್ಳಿಗರು ಚರ್ಚಿನವರ ಹತ್ತಿರ ಹೇಳಿಕೊಂಡರು. ಹೆಚ್ಚಿನ ಹಿಂಸೆ ಸೇನೆ ಮತ್ತು ಅದರ ಕಡೆಯವರದ್ದು ಎಂದ, ಆ ಹೇಳಿಕೆಗಳಿಂದಲೇ ಬರೆದ ವರದಿಯನ್ನು ಬಿಷಪ್ ಹೆರಾರ್ದಿ 1998ರ ಏಪ್ರಿಲ್ 24ರಂದು ಬಿಡುಗಡೆ ಮಾಡಿದರು, 26ರಂದು ಅವರನ್ನೇ ಕೊಂದರು. 2001ರಲ್ಲಿ ಮೂವರು ಮಿಲಿಟರಿಯವರಿಗೆ ಶಿಕ್ಷೆಯಾಯಿತು, ಜೊತೆಗೆ ಒಬ್ಬ ಪಾದ್ರಿಗೂ (ಚರ್ಚನ್ನು ಸುಮ್ನೆ ಹೊಗಳುತ್ತಿಲ್ಲ ನಾನು). ಉಗಾಂಡದಲ್ಲೂ ಹಳ್ಳಿ ಹಳ್ಳಿಯಲ್ಲಿ ಈ ಧರ್ಮದ ಮುಖಂಡರನ್ನು ನಂಬುವ ಜನ ಇದ್ದರು. ಮೊದಲು ಯಾರಿಗೆ ಏನಾಯಿತು ಅಂತ ಬರೆದಿಡಬೇಕಿತ್ತು, ಕ್ಷಮಾದಾನದ ಕಾನೂನು ಆಮೇಲೆ ಬಂದರೂ ನಡೆಯುತ್ತಿತ್ತು.