ಕಾರಿನ ಗಾಜಿಗೆ ಮನೆಯಲ್ಲೇ ಫಿಲ್ಮ್: ಗೊತ್ತಿರುವವರು ಹೇಳಿ

ಪ್ರಶ್ನೆ: ನಾಲ್ಕು ಬಾಗಿಲಿನ ಗಾಜಿಗೂ ಹಿಂದಿನ ಗಾಜಿಗೂ ನಾನೇ ಟಿಂಟ್ ಫಿಲ್ಮ್ ಹಾಕಬೇಕೆಂದಿದ್ದೇನೆ. ರೋಲ್ ಇನ್ನೂ ತಂದಿಲ್ಲ. ಗುಳ್ಳೆ ಬರಬಾರದು, ಅಂಚು ಏಳಬಾರದು. ಅಳತೆ ಸಮೇತ ತಿಳಿಸಿ.

— ತರುವ ಮುಂಚೆ ಒಂದು ಲೆಕ್ಕ ಹಾಕಿ. ಕಾರಿನ ಗಾಜು ತಾನೇ ಸ್ವಲ್ಪ ಬೆಳಕು ತಡೆಯುತ್ತದೆ. 75% ಬೆಳಕು ಬಿಡುವ ಗಾಜಿಗೆ 50% ಬಿಡುವ ಫಿಲ್ಮ್ ಹಾಕಿದರೆ ಒಳಗೆ ಬರುವುದು ಸುಮಾರು 37% ಮಾತ್ರ. ನಿಮ್ಮಲ್ಲಿ ಎಷ್ಟಕ್ಕೆ ಅನುಮತಿ ಇದೆ, ಫಿಲ್ಮ್‌ಗೇ ಅನುಮತಿ ಇದೆಯೋ ಇಲ್ಲವೋ, ಮೊದಲು ನೋಡಿಕೊಳ್ಳಿ. ಕಪ್ಪಾದಷ್ಟೂ ತಂಪು ಅನ್ನುವುದು ಸರಿಯಲ್ಲ. ಒಳ್ಳೆಯ ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದರೂ ಬರೀ ಬಣ್ಣ ಬೆರೆಸಿದ ಕಡುಗಪ್ಪು ಡೈ ಫಿಲ್ಮ್‌ಗಿಂತ ಹೆಚ್ಚು ಶಾಖ ತಡೆಯಬಲ್ಲದು. ಅಗ್ಗದ ಡೈ ಫಿಲ್ಮ್ ಬಿಸಿಲಿಗೆ ಬರಬರುತ್ತಾ ನೇರಳೆಯಾಗುತ್ತದೆ. ಲೋಹದ ಪದರ ಇರುವುದು ಜಿಪಿಎಸ್, ರೇಡಿಯೊ ಸಿಗ್ನಲ್ಲಿಗೆ ಅಡ್ಡಿ.

— ಈ ಕೆಲಸದಲ್ಲಿ ಮುಕ್ಕಾಲು ಪಾಲು ಗಾಜು ತೊಳೆಯುವುದೇ. ಗುಳ್ಳೆ ಅಂತ ಬೈಸಿಕೊಳ್ಳುವುದರಲ್ಲಿ ಹೆಚ್ಚಿನದು ಗಾಳಿಯಲ್ಲ, ಫಿಲ್ಮ್ ಅಡಿಯಲ್ಲಿ ಸಿಕ್ಕಿಕೊಂಡ ದೂಳಿನ ಕಣ. ಅದನ್ನು ಎಷ್ಟು ಒತ್ತಿದರೂ ಸುತ್ತ ಗುಡಾರದಂತೆ ಎದ್ದ ಫಿಲ್ಮ್ ಇಳಿಯುವುದಿಲ್ಲ.

ಡಿಸ್ಟಿಲ್ಡ್ ನೀರು 1 ಲೀಟರ್, ಬಣ್ಣವಿಲ್ಲದ ಬೇಬಿ ಶಾಂಪೂ ಐದಾರು ಹನಿ, ಸ್ಪ್ರೇ ಬಾಟಲಿಯಲ್ಲಿ ಬೆರೆಸಿ. ಮುಂದೆ ನೀರು ಹೊಡೆಯಿರಿ ಅಂದರೆ ಇದೇ. ಬಾಗಿಲಿನ ಸ್ವಿಚ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ, ಮೇಲೆ ಟವೆಲ್ ಹಾಕಿ. ಫ್ಯಾನ್, ಎಸಿ ಬಂದ್. ನೂಲು ಉದುರುವ ಬಟ್ಟೆ ಮೈಮೇಲೂ ಬೇಡ, ಕೈಯಲ್ಲೂ ಬೇಡ. ಬಾಗಿಲಿನ ಗಾಜನ್ನು ಒದ್ದೆ ಮಾಡಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಕೆರೆಯಿರಿ. ಹಿಂದಕ್ಕೆಳೆದರೆ ಕಣ ಸಿಕ್ಕಿ ಗೀರು ಬೀಳುತ್ತದೆ. ಕೆಳಗಿನ ರಬ್ಬರ್ ಸೀಲ್ ಮೇಲೆ ಮಾತ್ರ ನಿಗಾ ಇರಲಿ. ಕಸವೆಲ್ಲ ಅಡಗಿರುವುದು ಅಲ್ಲೇ. ಅದರೊಳಕ್ಕೆ ನೀರು ಹೊಡೆದು, ಸ್ಕ್ವೀಜಿ (ನೀರು ಒರೆಸುವ ರಬ್ಬರ್ ಪಟ್ಟಿ) ಎಳೆದು, ಇನ್ನೊಮ್ಮೆ ಹೊಡೆಯಿರಿ.

— ಶಾಂಪೂ ಅಳತೆಗೆ ಒಂದು ಮಾತು ಸೇರಿಸುತ್ತೇನೆ. ಹೆಚ್ಚಾದರೆ ಫಿಲ್ಮ್ ಸುಲಭವಾಗಿ ಜಾರುತ್ತದೆ ನಿಜ, ಆದರೆ ಅಂಟು ಹಿಡಿಯುವುದು ನಿಧಾನವಾಗಿ ಅಂಚು ಏಳುತ್ತದೆ. ಕಡಿಮೆಯಾದರೆ ಇಟ್ಟಲ್ಲೇ ಕಚ್ಚಿಕೊಳ್ಳುತ್ತದೆ. ಬಿಸಿ ಗಾಜಿನ ಮೇಲೆ ನೀರು ಬೇಗ ಆರುವುದರಿಂದಲೂ ಹೀಗೇ ಆಗುತ್ತದೆ, ಹಾಗಾಗಿ ಕಾರು ನೆರಳಲ್ಲಿರಲಿ.

— ಕತ್ತರಿಸುವುದು ಗಾಜಿನ ಹೊರಮೈ ಮೇಲೆ, ಅಂಟಿಸುವುದು ಒಳಮೈಗೆ. ಹೊರಗಡೆ ನೀರು ಹೊಡೆದು ಲೈನರ್ (ಅಂಟನ್ನು ಮುಚ್ಚಿರುವ ಹಾಳೆ) ನಿಮ್ಮ ಕಡೆ ಬರುವಂತೆ ಫಿಲ್ಮ್ ಇಡಿ. ಲೈನರ್ ಯಾವ ಬದಿ ಅಂತ ತಿಳಿಯದಿದ್ದರೆ ಮೂಲೆಯ ಎರಡೂ ಬದಿಗೆ ಟೇಪ್ ಅಂಟಿಸಿ ಎಳೆಯಿರಿ, ಬಣ್ಣವಿಲ್ಲದ ಹಾಳೆ ಬಿಟ್ಟುಕೊಳ್ಳುತ್ತದೆ. ಬದಿಗಳಲ್ಲಿ ರಬ್ಬರ್ ಅಡಿಗೆ ಹೋಗಲು 5 ಮಿ.ಮೀ., ಕೆಳಗೆ 2 ಸೆಂ.ಮೀ. ಹೆಚ್ಚಿರಲಿ. ಬ್ಲೇಡಿನ ತುದಿ ಮೊಂಡಾದರೆ ಅಂಚು ಹರಿಯುತ್ತದೆ, ಆಗಾಗ ಮುರಿದು ಹೊಸ ತುದಿ ತೆಗೆಯಿರಿ.

ಗಾಜನ್ನು 2-3 ಸೆಂ.ಮೀ. ಇಳಿಸಿ. ಒಳಗೆ ಧಾರಾಳ ನೀರು ಹೊಡೆದು, ಲೈನರ್‌ನ ಮೇಲಿನ ಮುಕ್ಕಾಲು ಭಾಗ ಮಾತ್ರ ಬಿಡಿಸುತ್ತಾ ಅಂಟಿನ ಮೇಲೂ ಹೊಡೆಯಿರಿ. ಗಾಜಿನ ಮೇಲಂಚಿಗಿಂತ 2 ಮಿ.ಮೀ. ಕೆಳಗೆ ಕೂರಿಸಿ. ಅಂಚಿಗೆ ಸರಿಸಮ ಇಟ್ಟರೆ ಗಾಜು ಏರಿಳಿಯುವಾಗ ರಬ್ಬರ್ ಉಜ್ಜಿ ಸಿಪ್ಪೆ ಸುಲಿದಂತೆ ಬರುತ್ತದೆ. ಮೇಲ್ಭಾಗ ಒತ್ತಿದ ಮೇಲೆ ಗಾಜು ಏರಿಸಿ, ಉಳಿದ ಲೈನರ್ ತೆಗೆದು, ಕೆಳ ಅಂಚನ್ನು ಸೀಲ್ ಒಳಕ್ಕೆ ತೂರಿಸಿ. ಫಿಲ್ಮ್‌ನ ಹೊರಮೈಗೂ ನೀರು ಹೊಡೆದು ನಡುವಿನಿಂದ ಅಂಚಿಗೆ ಸ್ಕ್ವೀಜಿ ಎಳೆಯಿರಿ. ಕೊನೆಗೆ ಗಟ್ಟಿ ಕಾರ್ಡಿಗೆ ಪೇಪರ್ ಟವೆಲ್ ಸುತ್ತಿ ಅಂಚುಗಳನ್ನು ಒತ್ತಿ. ಅಲ್ಲಿ ನಿಂತ ನೀರೇ ಅಂಚು ಎಬ್ಬಿಸುವುದು. ಕಣ ಕಂಡರೆ ಆಗಲೇ ಮೂಲೆ ಎತ್ತಿ ನೀರು ಹೊಡೆದು ತೆಗೆಯಿರಿ. ಮಡಿಕೆ ಬಿದ್ದರೆ ಆ ತುಂಡು ಹೋದಂತೆಯೇ.

— ಹಿಂದಿನ ಗಾಜನ್ನು ಕೊನೆಗಿಡಿ. ಅದು ಎರಡೂ ಕಡೆ ಬಾಗಿರುವುದರಿಂದ ಫಿಲ್ಮ್ ನೇರವಾಗಿ ಕೂರುವುದಿಲ್ಲ, ಅದನ್ನು ಗಾಜಿನ ಹೊರಮೈ ಮೇಲಿಟ್ಟು ಹೀಟ್ ಗನ್ (ಬಿಸಿ ಗಾಳಿ ಊದುವ ಉಪಕರಣ) ಹಿಡಿದು ಕುಗ್ಗಿಸಬೇಕು. ಸಾಮಾನ್ಯ ಫಿಲ್ಮ್ ಚೆನ್ನಾಗಿ ಕುಗ್ಗುವುದು ರೋಲ್ ಬಿಚ್ಚುವ ದಿಕ್ಕಿನಲ್ಲಿ ಮಾತ್ರ. ಆ ದಿಕ್ಕು ಮೇಲಿಂದ ಕೆಳಕ್ಕೆ ಬರುವಂತೆ ಇಡಿ, ಸುಕ್ಕೆಲ್ಲ ಮೇಲಂಚು, ಕೆಳ ಅಂಚಿಗೆ ತಳ್ಳಿ. 50 ಸೆಂ.ಮೀ. ಅಗಲದ ರೋಲ್‌ನಲ್ಲಿ ಇದು ಆಗದು, ಗಾಜಿನಷ್ಟು ಅಗಲದ್ದೇ ಬೇಕು. ಗನ್ ಒಂದೇ ಕಡೆ ನಿಂತರೆ ಗಾಜು ಒಡೆಯಬಹುದು, ಆಡಿಸುತ್ತಲೇ ಇರಿ. ಒಳಮೈಯಲ್ಲಿ ಡಿಫಾಗರ್ ಗೆರೆಗಳಿದ್ದರೆ (ಮಂಜು ಕರಗಿಸಲು ಗಾಜನ್ನು ಬಿಸಿ ಮಾಡುವ ತಂತಿಗೆರೆ) ಬ್ಲೇಡ್ ತಾಗಿಸಲೇಬೇಡಿ. ಅಲ್ಲಿ ಹಳೆಯ ಫಿಲ್ಮ್ ತೆಗೆಯುವುದಕ್ಕೂ ಬ್ಲೇಡ್ ಬೇಡ, ಹಬೆಯೇ ಸರಿ.

— ಅಂಚಿನ ಕಪ್ಪು ಚುಕ್ಕೆ ಪಟ್ಟಿಯಲ್ಲಿ ಬಿಳಿಚು ಕಾಣುವುದು ನಿಮ್ಮ ತಪ್ಪಲ್ಲ. ಚುಕ್ಕೆಗಳು ಉಬ್ಬಿರುವುದರಿಂದ ನಡುವೆ ಅಂಟು ಗಾಜಿಗೆ ತಾಗುವುದಿಲ್ಲ.

— ಮೊದಲ ಕೆಲವು ದಿನ ಮಂಜು ಮಂಜಾಗಿ, ಸಣ್ಣ ನೀರಿನ ಗುಳ್ಳೆ ಕಾಣುವುದು ಸಹಜ. ಚುಚ್ಚಬೇಡಿ, ನೀರು ತಾನಾಗಿ ಆರುತ್ತದೆ. ಚಳಿಗಾಲದಲ್ಲಿ ವಾರಗಳೇ ಹಿಡಿಯಬಹುದು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಬೇಡಿ. ನಾಲ್ಕೈದು ದಿನ ಗಾಜು ಇಳಿಸಬಾರದು; ಮರೆತು ಯಾರೂ ಒತ್ತದಂತೆ ಪವರ್ ವಿಂಡೋ ಸ್ವಿಚ್‌ಗಳ ಮೇಲೆ ಟೇಪ್ ಅಂಟಿಸಿಡಿ.