ಸಹಾಯ ಬೇಕು: ಅಮ್ಮನ ಜೊತೆ ವಿಮಾನದಲ್ಲಿ ಕಾಶಿಗೆ, ಮನೆಯಿಂದ ಒಟ್ಟು ಎಷ್ಟು ಹೊತ್ತು?

ಎಲ್ಲರಿಗೂ ನಮಸ್ಕಾರ. ಕಾರ್ತಿಕ ಮಾಸದಲ್ಲಿ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಬೇಕು. ಅವರಿಗೆ 72 ವರ್ಷ, ಮಂಡಿ ನೋವು ಬೇರೆ. ಹಿಂದೆ ಅಪ್ಪನ ಜೊತೆ ಸಂಘಮಿತ್ರ ರೈಲಿನಲ್ಲಿ ಎರಡು ರಾತ್ರಿ ಕಳೆದು ಹೋಗಿದ್ದರು. ಈಗ ಅದು ಆಗದ ಮಾತು. ಹಾಗಾಗಿ ಮೊದಲ ಸಲ ವಿಮಾನ.

ಬೆಂಗಳೂರಿನಿಂದ ವಾರಾಣಸಿಗೆ ನೇರ ಗೆರೆ ಎಳೆದರೆ ಸುಮಾರು 1,460 ಕಿ.ಮೀ. ವಿಮಾನ ಗಂಟೆಗೆ 800 ಕಿ.ಮೀ. ಹೋದರೆ ಎರಡು ಗಂಟೆಯೊಳಗೆ ತಲುಪಬೇಕು ಅಲ್ವಾ? ಟಿಕೆಟ್‌ನಲ್ಲಿ ಎರಡೂವರೆ ಗಂಟೆ ಅಂತಿದೆ. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರುತ್ತದೆ ಅಂತ ಮಗಳು ಹೇಳಿದಳು. ಸರಿ, ಒಪ್ಪಿದೆ.

ನನ್ನ ತಲೆನೋವು ನೆಲದ ಮೇಲಿನ ಲೆಕ್ಕ. ನಮ್ಮ ಮನೆ ಬನಶಂಕರಿಯಲ್ಲಿ. ದೇವನಹಳ್ಳಿ ವಿಮಾನ ನಿಲ್ದಾಣ ಸೇರುವಷ್ಟರಲ್ಲಿ ಅರ್ಧ ಕಾಶಿ ಬಂದಿರುತ್ತದೆ! ಬೆಳಿಗ್ಗೆ 10ರ ವಿಮಾನಕ್ಕೆ ಎಷ್ಟು ಹೊತ್ತಿಗೆ ಮನೆ ಬಿಡಬೇಕು? ವಾಯುವಜ್ರ ಬಸ್ಸು ಸಾಕಾ, ಕ್ಯಾಬೇ ಮಾಡಲಾ? ಆ ಕಡೆ ಬಾಬತ್‌ಪುರ ನಿಲ್ದಾಣದಿಂದ ಊರೊಳಗೆ ಇನ್ನೂ ಸುಮಾರು 25 ಕಿ.ಮೀ. ಘಾಟ್ ಪಕ್ಕದ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ. ಅಮ್ಮ ಎಷ್ಟು ದೂರ ನಡೆಯಬೇಕಾಗುತ್ತದೆ?

ಇನ್ನೊಂದು. ಡೆಲ್ಲಿಯಲ್ಲಿ ವಿಮಾನ ಬದಲಾಯಿಸುವ ಟಿಕೆಟ್ ಕಡಿಮೆಗೆ ಸಿಗುತ್ತಿದೆ. ಆದರೆ ಡೆಲ್ಲಿವರೆಗೆ ಸುಮಾರು 1,700 ಕಿ.ಮೀ., ಅಲ್ಲಿಂದ ಕಾಶಿಗೆ ಮತ್ತೆ 670 ಕಿ.ಮೀ. ಸುಮ್ನೆ 900 ಕಿ.ಮೀ. ಜಾಸ್ತಿ ಸುತ್ತು. ವಯಸ್ಸಾದವರನ್ನು ಹೀಗೆ ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ? ವೀಲ್‌ಚೇರ್ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಬೇಕಾ?